ಅಹವಾಲು ಯಾವ ಭಾಷೆಯಲ್ಲಿ?

ಸರಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತ ತಿರುವಿದ ನನ್ನಂಥವನಿಗೆ ‘ಸಾರ್ವಜನಿಕರ ಅಭಿಪ್ರಾಯ ಆಹ್ವಾನಿಸಲಾಗಿದೆ’ ಎಂಬ ವಾಕ್ಯ ಹೊಸದಲ್ಲ. ಆಹ್ವಾನವೇನೋ ಬರುತ್ತದೆ. ಅದು ಯಾವ ಭಾಷೆಯಲ್ಲಿ ಬರುತ್ತದೆ, ಉತ್ತರವನ್ನು ಯಾವ ಭಾಷೆಯಲ್ಲಿ ಕೇಳಿಸಿಕೊಳ್ಳುತ್ತಾರೆ ಎಂಬುದು ಬೇರೆ ಮಾತು. ಈ ವಿಷಯದಲ್ಲಿ ಕೆನಡಾ ದೇಶದ ಹಳೆಯ ಪ್ರಸಂಗವೊಂದು ನೆನೆಯತಕ್ಕದ್ದು.

ಆ ದೇಶದ ಉತ್ತರದ ಹಿಮಪ್ರದೇಶದಿಂದ ಮೆಕೆಂಜಿ ನದಿಯ ಕಣಿವೆಯುದ್ದಕ್ಕೂ ಕೊಳವೆ ಹಾಕಿ ನೈಸರ್ಗಿಕ ಅನಿಲವನ್ನು ದಕ್ಷಿಣಕ್ಕೆ ತರುವ ಯೋಜನೆ 1970ರ ದಶಕದಲ್ಲಿ ತಲೆಯೆತ್ತಿತ್ತು. ಅದರಿಂದ ನಾಡಿಗೂ ಜನಕ್ಕೂ ಆಗುವ ಪರಿಣಾಮವನ್ನು ವಿಚಾರಿಸಲು ಸರಕಾರ 1974ರಲ್ಲಿ ನ್ಯಾಯಮೂರ್ತಿ ಥಾಮಸ್ ಬರ್ಜರ್ ಅವರನ್ನು ನೇಮಿಸಿತು. ತಜ್ಞರ, ವಕೀಲರ ವಾದ ಯೆಲ್ಲೋನೈಫ್ ಪಟ್ಟಣದಲ್ಲಿ ನಡೆಯಿತು. ಬರ್ಜರ್ ಅಷ್ಟಕ್ಕೆ ತೃಪ್ತರಾಗಲಿಲ್ಲ. ಉತ್ತರದ 35 ಊರುಗಳಿಗೆ ತಾವೇ ಹೋಗಿ, ಸುಮಾರು ಸಾವಿರ ಜನರ ಹೇಳಿಕೆ ಕೇಳಿದರು. ಬೇಟೆಗಾರರೂ ಮೀನುಗಾರರೂ ತಮ್ಮ ತಮ್ಮ ಭಾಷೆಯಲ್ಲೇ ಮಾತನಾಡಿದರು; ದುಭಾಷಿಗಳು ತಿಳಿಸಿಕೊಟ್ಟರು. ಕ್ಯಾರಿಬೂ ಎಂಬ ಸಾರಂಗದ ಹಿಂಡು ಯಾವ ದಾರಿಯಲ್ಲಿ ಹಾಯುತ್ತದೆ, ಮೀನು ಎಲ್ಲಿ ಸಿಗುತ್ತದೆ ಎಂಬುದು ಎಂಜಿನಿಯರರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತಲ್ಲ! ಇದಕ್ಕಿಂತಲೂ ನನಗೆ ಹಿಡಿಸಿದ್ದು ಇನ್ನೊಂದು ಏರ್ಪಾಡು. ಅಲ್ಲಿನ ರೇಡಿಯೋ, ವಿಚಾರಣೆಯ ವರದಿಯನ್ನು ಇಂಗ್ಲಿಷಿನ ಜೊತೆಗೆ ಡಾಗ್ರಿಬ್, ಸ್ಲೇವಿ ಮುಂತಾದ ಮೂಲನಿವಾಸಿಗಳ ಭಾಷೆಗಳಲ್ಲೂ ಬಿತ್ತರಿಸಿತು. ಒಂದು ಊರಿನವರು ಹೇಳಿದ್ದು ನೂರಾರು ಮೈಲಿ ದೂರದ ಊರಿಗೆ ತಲುಪಿತು. ವಾದ ಮಂಡಿಸಲು ಮೂಲನಿವಾಸಿ ಸಂಘಗಳಿಗೆ ಸರಕಾರವೇ ಹಣ ಕೊಟ್ಟಿತು.

1977ರ ವರದಿಯಲ್ಲಿ ಬರ್ಜರ್, ಮೆಕೆಂಜಿ ಕಣಿವೆಯಲ್ಲಿ ಹತ್ತು ವರ್ಷ ಕೊಳವೆ ಬೇಡ, ಉತ್ತರ ಯೂಕಾನ್ ಸೀಮೆಯಲ್ಲಂತೂ ಎಂದಿಗೂ ಬೇಡ ಎಂದರು. ಮುಂದೆ ಕಣಿವೆಯ ಯೋಜನೆ ಮತ್ತೆ ಚಿಗುರಿತು, ಒಪ್ಪಿಗೆಯೂ ದೊರೆಯಿತು. ಕಡೆಗೆ 2017ರಲ್ಲಿ ಕಂಪನಿಗಳೇ ಕೈಬಿಟ್ಟವು.

ನಮ್ಮಲ್ಲಿ ಪರಿಸರ ಪರಿಣಾಮದ ಅಧಿಸೂಚನೆ 1994ರಲ್ಲಿ ಬಂತು, ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಾದದ್ದು 1997ರಲ್ಲಿ. 2006ರ ಅಧಿಸೂಚನೆ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು, ಸಭೆಯ ಕೊನೆಗೆ ನಡವಳಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು ಎಂದಿತು. ಸಾರಾಂಶ ಮಾತ್ರ! ಬಿ.ಎಸ್ಸಿ. ಓದಿದ ನಾನೇ ಅಂಥ ಇಂಗ್ಲಿಷ್ ವರದಿಯ ಮುಂದೆ ತಿಣುಕುತ್ತೇನೆ, ಹಳ್ಳಿಯವರ ಪಾಡೇನು?

2020ರಲ್ಲಿ ಈ ನಿಯಮಗಳನ್ನೇ ಬದಲಿಸುವ ಕರಡು ಪ್ರಕಟವಾಯಿತು. ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ. ಎಂಟನೆಯ ಪರಿಚ್ಛೇದದ 22 ಭಾಷೆಗಳಿಗೂ ಹತ್ತು ದಿನದೊಳಗೆ ಅನುವಾದಿಸಿರಿ ಎಂದು ದೆಹಲಿ ಹೈಕೋರ್ಟು ಜೂನ್ 30ರಂದು ಆದೇಶಿಸಿತು. ಅದು ಆಗಲಿಲ್ಲ. ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟು, ಕನ್ನಡದಲ್ಲಿ ಸಾಕಷ್ಟು ಪ್ರಚಾರವೇ ಆಗಿಲ್ಲವೆಂಬ ಕಾರಣಕ್ಕೆ, ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ನೀಡಿತು. ಕೇಂದ್ರ ಸರಕಾರ ದೆಹಲಿಯ ಆದೇಶದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ಪುನರ್‌ಪರಿಶೀಲನೆ ಬೇಕಾದರೆ ಅದೇ ಹೈಕೋರ್ಟಿಗೆ ಹೋಗಿ ಎಂದು ಅಲ್ಲಿಂದ ಉತ್ತರ ಬಂತು.