ಕರ್ಣ ಮತ್ತು ದುರ್ಯೋಧನ: ಕಾವ್ಯದಿಂದ ತೆರೆಗೆ

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಬೇರಿಕೆ ಕರ್ನಾಟಕದ ಗಡಿಯಂಚಿನ ಊರು. 1956ರ ಭಾಷಾವಾರು ವಿಂಗಡಣೆಯಲ್ಲಿ ಈ ಊರಿರುವ ಹೊಸೂರು ಸೀಮೆ ಮದ್ರಾಸ್ ರಾಜ್ಯಕ್ಕೇ ಉಳಿಯಿತು. ಕನ್ನಡ, ತೆಲುಗು, ತಮಿಳು ಮೂರೂ ಇಲ್ಲಿನ ಮನೆಮಾತುಗಳು. ಒಳ್ಳೆಯವನೋ ಕೆಟ್ಟವನೋ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸಲಾಗದ ವೀರ ಈ ಮೂರು ಭಾಷೆಗಳಲ್ಲೂ ಇದ್ದಾನೆ.

ಪಂಪನ ‘ವಿಕ್ರಮಾರ್ಜುನ ವಿಜಯ’ (941) ಅರ್ಜುನನ ಕಥೆ. ಆದರೂ ಕವಿಯ ಒಲವು ಕರ್ಣನ ಕಡೆಗೂ ಹರಿಯುತ್ತದೆ. ಕರ್ಣನೊಂದಿಗಿನ ಪಗಡೆಯಾಟದಲ್ಲಿ ದುರ್ಯೋಧನನ ಹೆಂಡತಿ ಭಾನುಮತಿಯ ಮುತ್ತಿನ ಹಾರ ಹರಿದು ಚೆಲ್ಲಿದಾಗ ದುರ್ಯೋಧನ ಅನುಮಾನಪಡದೆ, ಮುತ್ತು ಆಯ್ದುಕೊಡಲೇ ಎಂದು ಕೇಳುತ್ತಾನೆ. ಅಂಥ ಒಡೆಯನನ್ನು ಬಿಟ್ಟು ಬರಲಾರೆ ಎಂದು ಕರ್ಣ ಕೃಷ್ಣನಿಗೆ ಹೇಳುತ್ತಾನೆ. ದ್ರೌಪದಿಗಾದ ಅವಮಾನದಲ್ಲಿ ಪಾಲಿದ್ದವನೂ ಈ ಕರ್ಣನೇ. ರನ್ನನ ‘ಗದಾಯುದ್ಧ’ದಲ್ಲಿ ನಾಯಕ ಭೀಮ. ಆದರೆ ಓದುಗರ ಕರುಳು ಹಿಂಡುವವನು, ಹೆಣಗಳ ನಡುವೆ ಸಂಜಯನೊಂದಿಗೆ ನಡೆದು, ಶತ್ರುವಿನ ಮಗ ಅಭಿಮನ್ಯುವಿನ ಸಾಹಸವನ್ನೂ ಮನಸಾರೆ ಹೊಗಳುವ ದುರ್ಯೋಧನ. ಅವನ ತಪ್ಪನ್ನು ರನ್ನ ಮುಚ್ಚಿಡುವುದಿಲ್ಲ. ಈ ಕಾವ್ಯದ ದೊಡ್ಡತನ ಇರುವುದೇ ಅಲ್ಲಿ.

ಈ ಭಾಗದ ದ್ರೌಪದಮ್ಮನ ಜಾತ್ರೆಗಳಲ್ಲಿ ಭಾರತದ ಕಥೆ ಓದಿಸಿ, ರಾತ್ರಿ ತೆರುಕ್ಕೂತ್ತು ಎಂಬ ಬೀದಿನಾಟಕ ಆಡಿಸುತ್ತಾರೆ. ಅದರ ‘ಕರ್ಣ ಮೋಕ್ಷ’ ಪ್ರಸಂಗದಲ್ಲಿ ಕರ್ಣ ಯುದ್ಧಕ್ಕೆ ಹೊರಡುವ ಮುನ್ನ ಹೆಂಡತಿ ಪೊನ್ನುರುವಿಯನ್ನು ಕಾಣಲು ಬರುತ್ತಾನೆ, ಅವನ ಕುಲ ಕೀಳೆಂದು ಅವಳು ಮೊದಲು ಹತ್ತಿರ ಸೇರಿಸುವುದಿಲ್ಲ. ಕೊನೆಯ ದಿನ ಬಯಲಿನಲ್ಲಿ ಮಲಗಿಸಿದ ದುರ್ಯೋಧನನ ಭಾರಿ ಮಣ್ಣಿನ ಮೂರ್ತಿಯ ತೊಡೆಯನ್ನು ಭೀಮ ಒಡೆಯುತ್ತಾನೆ. ಅಲ್ಲಿಂದ ಹರಿಯುವ ಕೆಂಪು ನೀರು ಮುಡಿಗೆ ಸೋಂಕಿದ ಮೇಲೆ ದ್ರೌಪದಿ ಕೂದಲು ಕಟ್ಟುತ್ತಾಳೆ. ಕರ್ಣನಿಗಾಗಿ ಮರುಗುವುದೂ ದುರ್ಯೋಧನನ ತೊಡೆ ಮುರಿಯುವುದೂ ಒಂದೇ ದೇವಿಯ ಜಾತ್ರೆಯಲ್ಲಿ.

ಸಿನಿಮಾಕ್ಕೆ ಬಂದಾಗ ತಕ್ಕಡಿ ವಾಲಿತು. ಬಿ.ಆರ್. ಪಂತುಲು ಅವರ ತಮಿಳು ‘ಕರ್ಣನ್’ (1964) ಶಿವಾಜಿ ಗಣೇಶನ್ ಅವರನ್ನು ದಾನದ ಮೂರ್ತಿಯಾಗಿಸಿತು; ಹಾರ ಹರಿಯುವ ದೃಶ್ಯ ಅದರಲ್ಲೂ ಇದೆ. ತೆಲುಗಿನ ‘ದಾನವೀರಶೂರಕರ್ಣ’ದಲ್ಲಿ (1977) ಎನ್.ಟಿ. ರಾಮರಾವ್ ಕೃಷ್ಣ, ಕರ್ಣ, ದುರ್ಯೋಧನ ಮೂವರೂ ಆದರು. ಕುಲದ ಹೆಸರಿನಲ್ಲಿ ಕರ್ಣನನ್ನು ಹೀಗಳೆಯುವವರ ಬಾಯಿ ಮುಚ್ಚಿಸುವ ದುರ್ಯೋಧನನ ಮಾತು ಮನೆಮಾತಾಯಿತು. ಕನ್ನಡದ ‘ಕುರುಕ್ಷೇತ್ರ’ (2019) ಗದಾಯುದ್ಧವನ್ನು ಆಧರಿಸಿ ದರ್ಶನ್ ಅವರನ್ನು ದುರ್ಯೋಧನನಾಗಿಸಿತು. ತಾರೆಯ ಪ್ರಭೆಯಲ್ಲಿ ಪಾತ್ರದ ತಪ್ಪು ತೆಳುವಾಗುತ್ತದೆ. ಆ ತಪ್ಪಿನ ತೂಕ ತಿಳಿಯಬೇಕಾದರೆ ಸಿನಿಮಾ ನೋಡಿದವರು ರನ್ನನನ್ನು ಓದಬೇಕು, ಒಂದು ರಾತ್ರಿಯಾದರೂ ಕೂತ್ತಿನ ಮುಂದೆ ಕೂರಬೇಕು.