ಟೆಂಪೋದಿಂದ ಕರೆಂಟಿನ ಗಾಡೀತನಕ

ನಮ್ಮ ಕಡೆ ಸಾಮಾನು ಹೇರೋ ಸಣ್ಣ ಗಾಡಿ ಯಾವುದಿದ್ರೂ ಅದು ಟೆಂಪೋನ. ಮನಿ ಬದಲಿ ಮಾಡೋದಿರಲಿ, ಕಲ್ಯಾಣ ಮಂಟಪಕ್ಕ ಪಾತ್ರಿ-ಪಗಡ ಕಳಸೋದಿರಲಿ, "ಒಂದು ಟೆಂಪೋಕ್ಕ ಹೇಳ್ರಿ" ಅಂತೀವಿ. ಬಾಗಲ ಮುಂದ ಬಂದು ನಿಲ್ಲೋದು ಯಾವ ಕಂಪನೀದರ ಇರವಲ್ದ್ಯಾಕ. ಖರೆ ಅಂದ್ರ ಟೆಂಪೋ ಅನ್ನೋದು ಜರ್ಮನಿ ದೇಶದ ಒಂದು ಕಾರಖಾನೀ ಹೆಸರು. 1958ರಾಗ ಅವರ ಜೋಡಿ ಕೂಡಿ ನಮ್ಮ ದೇಶದಾಗ ಬಜಾಜ್ ಟೆಂಪೋ ಕಂಪನಿ ಸುರು ಆತು. ಹ್ಯಾನ್ಸೀಟ್ ಅಂತ ಮೂರು ಗಾಲಿ ಗಾಡಿ ಮಾಡಿದ್ರು. ಮುಂದ ಉದ್ದನ್ನ ಮೂತಿ, ಅದರ ಕೆಳಗ ಒಂದ ಗಾಲಿ, ಹಿಂದ ಸಾಮಾನು. ವಯಸ್ಸಾದ ಮೌಶಿಯಾರಿಗೆ ನೆನಪಿರಬೇಕು. ಆ ಕಂಪನಿ 2005ರಾಗ ಫೋರ್ಸ್ ಅಂತ ಹೆಸರು ಬದಲಿ ಮಾಡಿಕೊಂಡ್ತು, ನಾವು ಮಾಡಿಕೊಳ್ಳಲಿಲ್ಲ.

ಅದ 2005ರಾಗ ಮತ್ತೊಂದು ಗಾಡಿ ಬಂತು ನೋಡ್ರಿ, ಟಾಟಾ ಏಸ್. ಹಿಂದೀಯವರು ಛೋಟಾ ಹಾಥಿ, ಅಂದ್ರ ಸಣ್ಣ ಆನಿ, ಅಂತ ಕರೀತಾರ. ಅದು ಹುಟ್ಟಿದ ಕತಿ ನಂಗ ಭಾಳ ಸೇರ್ತದ, ಅದಕ್ಕ ಸ್ವಲ್ಪ ಸಾವಕಾಶ ಹೇಳ್ತೀನಿ.

2000ನೇ ಇಸವಿ ಸುತ್ತಮುತ್ತ ಟಾಟಾ ಮೋಟಾರ್ಸ್‌ಗೆ ಕೆಟ್ಟ ಕಾಲ. ದೊಡ್ಡ ಲಾರಿ ವ್ಯಾಪಾರ ಕುಸಿದು, 2000–01ರ ಒಂದ ವರ್ಷದಾಗ ಸುಮಾರು 500 ಕೋಟಿ ರೂಪಾಯಿ ಲುಕ್ಸಾನ ಆಗಿತ್ತು. ಆವಾಗ ಗಿರೀಶ ವಾಘ ಅನ್ನೋ ತರುಣ ಇಂಜಿನಿಯರಗ ಒಂದು ಸಣ್ಣ ಸಾಮಾನಿನ ಗಾಡಿ ತಯಾರ ಮಾಡೋ ಕೆಲಸ ಒಪ್ಪಿಸಿದ್ರು. ಅವರು ಮೊದಲು ನಕ್ಷಾ ಬರೀಲಿಲ್ಲ, ಮೂರು ಗಾಲಿ ಗಾಡಿ ಹೊಡಿಯೋರ ಹತ್ರ ಹೋಗಿ ಕೂತ್ರು. ನಿಮಗ ಎಂಥಾ ಗಾಡಿ ಬೇಕು ಅಂತ ಕೇಳಿದ್ರು. ಇದೇನು ದೊಡ್ಡ ಮಾತು ಅಂತೀರಿ? ನಮ್ಮ ಅಡಗಿಮನಿ ಕಟ್ಟೋವಾಗ ಯಾರರ ಬಂದು ಕಟ್ಟಿ ಎಷ್ಟು ಎತ್ತರ ಇರಬೇಕ್ರೀ ಅಂತ ನಮ್ಮನ್ನ ಕೇಳ್ಯಾರೇನು?

ಆ ಡ್ರೈವರ್ ಮಂದಿ ಭಾಳೇನೂ ಬೇಡಲಿಲ್ಲ. ಹೇರು ಸ್ವಲ್ಪ ಹೆಚ್ಚಾದ್ರೂ ಉರುಳಬಾರದು, ಹೈವೇದಾಗ ಹೋದ್ರ ಅಂಜಿಕಿ ಆಗಬಾರದು, ಸಂದಿಯೊಳಗ ತಿರಗಬೇಕು, ರಿಪೇರಿ ಸೋವಿ ಇರಬೇಕು. ಮತ್ತ ಒಂದು ಕತಿ ಕಂಪನಿಯವರ ಭಾಳ ಸಲ ಹೇಳ್ಯಾರ. ಹಳ್ಳಿಯ ಒಬ್ಬ ಹುಡುಗ, ನಂದು ನಾಕು ಗಾಲಿ ಗಾಡಿ ಆಗಿದ್ರ ಊರಾಗ ನಂಗ ಛೊಲೊ ಕಡೆಯಿಂದ ಹೆಣ್ಣು ಬರ್ತಿತ್ತು ಅಂದನಂತ. ನಾವೆಲ್ಲಾ ಕನ್ಯಾ ತೋರಿಸಿದವ್ರು, ವರ ನೋಡಿ ಬಂದವ್ರು; ಈ ಮಾತು ಸುಳ್ಳಲ್ಲ ಅಂತ ನಮಗ ಯಾರೂ ಹೇಳಿಕೊಡಬೇಕಾಗಿಲ್ಲ. ಮೂರು ಗಾಲಿ ಅಂದ್ರ "ಆಟೋ ಹೊಡೀತಾನ" ಅಂತಾರ, ನಾಕು ಗಾಲಿ ಅಂದ್ರ "ಸ್ವಂತ ಗಾಡಿ ಇಟ್ಟಾನ" ಅಂತಾರ. ಆ ಒಂದು ಗಾಲೀ ಒಳಗ ಎಷ್ಟು ಮಾನ ಇತ್ತು ನೋಡ್ರಿ.

ಹಿಂಗಾಗಿ ತಮ್ಮ ಇಂಡಿಕಾ ಕಾರಿನ ನಾಕು ಸಿಲಿಂಡರ್ ಡೀಸೆಲ್ ಇಂಜಿನ್ ಅರ್ಧ ಮಾಡಿದಂಗ ಎರಡು ಸಿಲಿಂಡರಿಂದು ಮಾಡಿದ್ರು. 702 ಸಿಸಿ, 16 ಹಾರ್ಸ್‌ಪವರ್. ಎಸಿ ಇಲ್ಲ, ರೇಡಿಯೋ ಇಲ್ಲ. ರೇಟು ಸುಮಾರು ಎರಡೂಕಾಲು ಲಕ್ಷ. ಎರಡು ವರ್ಷ ತುಂಬೋದ್ರೊಳಗ ಒಂದು ಲಕ್ಷ ಗಾಡಿ ಹೋದುವು. ಇಪ್ಪತ್ತು ವರ್ಷದಾಗ 25 ಲಕ್ಷ ಅಂತ ಕಂಪನಿ ಲೆಕ್ಕ ಹೇಳ್ತದ. ನೀರಿನ ಕ್ಯಾನ್, ಗ್ಯಾಸ್ ಸಿಲಿಂಡರ್, ಪೆಂಡಾಲದ ಕುರ್ಚಿ, ಗಣಪತಿ ಮೆರವಣಿಗಿ, ಭಾಳ ಊರಾಗ ಮುಂಜಾನೆ ಹಾಡು ಹಚಗೊಂಡು ಬರೋ ಕಸದ ಗಾಡಿ, ಎಲ್ಲಾದಕ್ಕೂ ಇದ. ಇದರ ತಮ್ಮನಂಥ ಏಸ್ ಝಿಪ್ ಅನ್ನೋದು 2012ರಿಂದ ನಮ್ಮ ಧಾರವಾಡದಾಗ, ಬೆಳಗಾವಿ ರಸ್ತೆ ಕಡೆ ಇರೋ ಟಾಟಾ ಕಾರಖಾನಿಯೊಳಗ ತಯಾರಾಗ್ಲಿಕ್ಕೆ ಹತ್ತಿತು. ನಮ್ಮ ಓಣ್ಯಾಗಿನ ಹುಡುಗ್ರೂ ಅಲ್ಲಿ ಕೆಲಸಕ್ಕ ಹೋದ್ರು.

ಈಗ ಈ ಪುರಾಣ ಯಾಕ ತಗದೀನಿ ಅಂದ್ರ, ನಮ್ಮ ವೈನಿಗೆ ಒಂದು ಗಾಡಿ ಬೇಕಾಗ್ಯದ. ಅವರ ರೊಟ್ಟಿ ಕೇಂದ್ರ ನಿಮಗ ಗೊತ್ತದ. ಆರು ಮಂದಿ ಹೆಣ್ಣಮಕ್ಕಳು ಕೂತು ಬಡಿಯೋ ಖಡಕ್ ರೊಟ್ಟಿ ದಿನಾ ಹುಬ್ಬಳ್ಳಿಯ ಖಾನಾವಳಿಗಳಿಗೆ ಹೋಗ್ತದ. ಬಾಡಿಗಿ ಗಾಡಿಯವ ಮನಸಿಗೆ ಬಂದಾಗ ಬರ್ತಾನ, ಬರದಿದ್ರ ಫೋನ್ ಎತ್ತೂದಿಲ್ಲ. ಸ್ವಂತದ್ದು ತಗೊಂಡ್ರ ಮಗ ಹೊಡೀತಾನ. ಮಗ ಪೆಟ್ರೋಲ್ ಅಂತಾನ, ಸೊಸಿ ಕರೆಂಟಿಂದು ಅಂತಾಳ. ರೊಕ್ಕ ವೈನೀದು. ಅದೂ ಅವರ ಅವ್ವ ಕೊಟ್ಟ ಪಾಟ್ಲಿ ಅಡವು ಇಟ್ಟು ತರೋ ರೊಕ್ಕ. ಅದಕ್ಕ ಈ ಕರೆಂಟಿನ ಗಾಡಿ ಅನ್ನೋದು ಎಲ್ಲಿಂದ ಬಂತು ಅಂತ ನಾನೂ ಬೆನ್ನು ಹತ್ತಿದೆ.

ಹೊಸದು ಅಂತ ತಿಳಕೊಂಡಿದ್ರ ಅದು ತಪ್ಪು. ಇಂಗ್ಲೆಂಡಿನಾಗ ನಮ್ಮ ಅಜ್ಜಿ ಕಾಲದಾಗನ ಮನಿಮನಿಗೆ ಹಾಲು ಹಾಕ್ತಿದ್ದ ಗಾಡಿ ಬ್ಯಾಟರಿ ಮ್ಯಾಲೆ ಓಡ್ತಿದ್ದುವು. ಎರಡನೇ ಮಹಾಯುದ್ಧ ಆದ ಮ್ಯಾಲೆ ಹಾಲಿನ ಕುದುರಿ ಗಾಡಿ ಹೋಗಿ ಅವ ಬಂದುವು, ಹತ್ತಾರು ಸಾವಿರ. ಸೀಸದ ಭಾರಾದ ಬ್ಯಾಟರಿ, ತಾಸಿಗೆ 25 ಕಿಲೋಮೀಟರಿನ ಸುತ್ತಮುತ್ತ ಓಟ, ಬಾಗಲಾನೂ ಇರ್ತಿರಲಿಲ್ಲ, ಹಾಲಿನವ ಜಿಗದು ಇಳದು ಬಾಟ್ಲಿ ಇಟ್ಟು ಖಾಲಿ ಬಾಟ್ಲಿ ತಗೊಂಡು ಮತ್ತ ಹತ್ತಬೇಕಲ್ಲ! ಸಪ್ಪಳ ಇಲ್ಲದ್ದಕ್ಕ ನಸಿಕಿನಾಗ ಯಾರ ನಿದ್ದಿನೂ ಕೆಡ್ತಿರಲಿಲ್ಲ. ಇಷ್ಟು ನಿಧಾನದ ಗಾಡಿ ಹೆಂಗ ನಡೀತು ಅಂದ್ರ, ದಿನಾ ಅದ ಓಣಿ, ಅದ ಮನಿ, ಆಮ್ಯಾಲೆ ಡೇರಿಗೆ ವಾಪಸ್ಸು ಬಂದು ಚಾರ್ಜಿಂಗಿಗೆ ನಿಂತುಬಿಡೋದು. ದೂರ ಹೋಗೋ ಪ್ರಶ್ನೇನ ಇಲ್ಲ. ಗಾಡಿ ಕೆಟ್ಟದ್ದಾಗಿ ಅವು ಹೋಗಲಿಲ್ಲ. ಮನಿಮನಿಗೆ ಫ್ರಿಜ್ ಬಂದು, ಮಂದಿ ಸೂಪರ್‌ಮಾರ್ಕೆಟ್ಟಿನಾಗ ಪ್ಲಾಸ್ಟಿಕ್ ಡಬ್ಬಿ ಹಾಲು ತರ್ಲಿಕ್ಕೆ ಹತ್ತಿದ ಮ್ಯಾಲೆ ಹಾಲಿನವನ ಕೆಲಸಾನ ಕಡಿಮಿ ಆತು.

ಇದು ಓದಿದಾಗ ನಂಗ ವೈನಿಯ ರೊಟ್ಟಿ ದಾರೀನ ಕಣ್ಣ ಮುಂದ ಬಂತು. ಅದ ಖಾನಾವಳಿ, ಅದ ರಸ್ತೆ, ರಾತ್ರಿ ಮನೀ ಮುಂದ ಗಾಡಿ.

ನಮ್ಮ ದೇಶದಾಗ ಈಗಿನ ಕಾಲದ ಬ್ಯಾಟರಿ ಹಾಕಿ ಸಾಮಾನಿನ ಗಾಡಿ ಮೂರು ಗಾಲಿದೂ ಬಂದುವು. ರೇವಾ ಕಾರು ಮಾಡಿದ್ದ ಬೆಂಗಳೂರಿನ ಕಂಪನಿ 2010ರಾಗ ಮಹಿಂದ್ರಾದವರ ಕೈಗೆ ಹೋಗಿತ್ತಲ್ಲ, ಅವರ ಟ್ರಿಯೋ ಝೋರ್ ಅಂತ 2020ರ ಅಕ್ಟೋಬರದಾಗ ತಂದ್ರು. 550 ಕಿಲೋ ಹೇರು, ಆವಾಗ ರೇಟು 2.73 ಲಕ್ಷದಿಂದ ಸುರು ಇತ್ತು, ಮನಿಯೊಳಗಿನ 15 ಆಂಪಿಯರ್ ಪ್ಲಗ್ಗಿಗೇ ಚಾರ್ಜ್ ಹಚ್ಚಬಹುದು. ಸೋವಿ ಹೌದು, ಆದ್ರ ಮತ್ತ ಮೂರ ಗಾಲಿ.

ನಾಕು ಗಾಲಿದು, ಏಸ್ ಇವಿ, 2022ರ ಮೇ ತಿಂಗಳದಾಗ ತೋರಿಸಿದ್ರು. 600 ಕಿಲೋ ಹೇರು, 21.3 ಯೂನಿಟ್ ಹಿಡಿಯೋ ಬ್ಯಾಟರಿ. ಯಾರು ತಗೊಂಡ್ರು? ಅಮೆಜಾನ್, ಫ್ಲಿಪ್‌ಕಾರ್ಟ್, ಬಿಗ್‌ಬಾಸ್ಕೆಟ್ ಮತ್ತ ಅವರಂಥಾ ದೊಡ್ಡವರ ಜೋಡಿ 39,000 ಗಾಡಿಗೆ ಮೊದಲ ಒಪ್ಪಂದ ಆಗಿತ್ತು. ನಮ್ಮಂಥವರ ಮನಿಗೆ ಸೋಪು-ಸೀರಿ ತರೋ ಗಾಡಿ ಕರೆಂಟಿಂದಾತು, ನಮ್ಮ ಮನಿಯಿಂದ ರೊಟ್ಟಿ ಒಯ್ಯೋ ಗಾಡಿ ಪೆಟ್ರೋಲಿಂದ ಉಳೀತು. ಹೊಸಾ ಮಾಲು ಮೊದಲು ದೊಡ್ಡವರ ಕೈಗೆ ಹೋಗೋದು ವ್ಯಾಪಾರದ ರೀತಿ ಇರಬಹುದು, ಆದ್ರೂ ಒಂದು ಕಾಲಕ್ಕ ಸಣ್ಣವರ ಹತ್ರ ಹೋಗಿ ಕೂತು ಕೇಳಿದ್ದ ಕಂಪನಿ ಇದು ಅಂತ ನಂಗ ಸ್ವಲ್ಪ ಬ್ಯಾಸರಾತು.

ಇದು ನಮ್ಮೂರ ಸಣ್ಣ ಮಂದಿ ಗೋಳಷ್ಟ ಅಂತ ತಿಳೀಬ್ಯಾಡ್ರಿ. ಅಮೆರಿಕಾದಾಗಿರೋ ನಮ್ಮ ಹುಡುಗ್ಯಾರು ನೋಡಿರಬೇಕು, 2025ರ ಏಪ್ರಿಲ್‌ನಾಗ ಸ್ಲೇಟ್ ಅನ್ನೋ ಹೊಸಾ ಕಂಪನಿ ಕರೆಂಟಿನ ಸಣ್ಣ ಪಿಕಪ್ ಒಂದು ತೋರಿಸ್ತು. ಎರಡ ಬಾಗಲ, ಕೈಲೆ ತಿರುವೋ ಕಿಟಕಿ, ಬಣ್ಣ ಇಲ್ಲ, ರೇಡಿಯೋ ಇಲ್ಲ, ಟಿವಿಯಂಥ ಪಡದಿ ಇಲ್ಲ. 50 ಡಾಲರ್ ಕೊಟ್ಟು ಹೆಸರು ಹಚ್ಚಿರಿ ಅಂದ್ರ ಕೆಲವ ವಾರದಾಗ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಹಚ್ಚಿದ್ರು. ಮನೀಯಷ್ಟು ದೊಡ್ಡ ಗಾಡಿ ಓಡಸೋ ದೇಶದಾಗ ಇದು. ಸರಕಾರದ ರಿಯಾಯಿತಿ ಹಿಡದು 20,000 ಡಾಲರ್ ಒಳಗ ಅಂದಿದ್ರು, ಆ ರಿಯಾಯಿತಿ ಅದ ವರ್ಷ ಸೆಪ್ಟೆಂಬರಿಗೆ ಬಂದಾತು. ಹೆಸರು ಹಚ್ಚಿದವ್ರಿಗೆ ಗಾಡಿ ಬರೋದ್ರೊಳಗ ರೇಟು ಏರ್ತು.

ನಮ್ಮಲ್ಲಿ 2025ರ ಜೂನ್‌ನಾಗ ಏಸ್ ಪ್ರೋ ಬಂತು. ಆರೂವರಿ ಫೂಟಿನ ಡಬ್ಬಿ, 750 ಕಿಲೋ ಹೇರು. ಬಂದಾಗ ರೇಟು ಪೆಟ್ರೋಲಿಂದು 3.99 ಲಕ್ಷ, ಕರೆಂಟಿಂದು 6.50 ಲಕ್ಷ ಇತ್ತು. ಕಡೀಗೂ ಒಂದು ಮನೆತನದವರು ಕೂತು ವಿಚಾರ ಮಾಡೋವಷ್ಟು ಇಳೀತು. ಆದ್ರ ನಡುವ ಎರಡೂವರಿ ಲಕ್ಷದ ಗುಂಡಿ ಇತ್ತು. ಪೆಟ್ರೋಲಿಂದಾದ್ರ ವೈನಿ ಕೂಡಿಟ್ಟಿದ್ದ ರೊಕ್ಕ ಮುಂಗಡಕ್ಕ ಸಾಕು. ಕರೆಂಟಿಂದಾದ್ರ ಪಾಟ್ಲಿ ಹೊರಗ ಹೋಗಬೇಕು.

ಹಂಗಾರ ಲೆಕ್ಕಾ ಹಾಕೋಣು ಅಂತ ಪಂಚಾಂಗದ ಹಿಂದ ಬರದ್ವಿ. ಕರೆಂಟಿನ ಗಾಡೀ ಬ್ಯಾಟರಿ 14.4 ಯೂನಿಟ್ಟಿಂದು. ಕಂಪನಿ 155 ಕಿಲೋಮೀಟರ್ ಅಂತದ, ನಾವು ನೂರು ಅಂತ ಹಿಡದ್ವಿ. ಕಂಪನಿ ಹೇಳಿದ್ದನ್ನ ನಂಬಿ ಮಿಕ್ಸರ್ ತಗೊಂಡವ್ರು ನಾವು. ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ನಾಕು ಖಾನಾವಳಿ ತಿರಗಿ ಬಂದ್ರ 50 ಕಿಲೋಮೀಟರ್. ಅಂದ್ರ ಏಳೆಂಟು ಯೂನಿಟ್, 50 ರೂಪಾಯಿ. ಪೆಟ್ರೋಲ್ ಗಾಡಿ ಲೀಟರಿಗೆ 20 ಕೊಡ್ತದ ಅಂದ್ರೂ ಎರಡೂವರಿ ಲೀಟರ್, ಹತ್ತತ್ರ 255 ರೂಪಾಯಿ. ದಿನಾ 200 ಉಳೀತು, ತಿಂಗಳಿಗೆ 25 ದಿನಕ್ಕ 5,000. ಎರಡೂವರಿ ಲಕ್ಷ ಮುಟ್ಟಬೇಕಾದ್ರ 50 ತಿಂಗಳು, ನಾಕು ವರ್ಷದ ಮ್ಯಾಲ. ಪಾಟ್ಲಿ ಮ್ಯಾಲಿನ ಬಡ್ಡಿ ಬ್ಯಾರೆ. ಅದ ದಿನಾ ಎರಡು ಫೇರಿ, ನೂರು ಕಿಲೋಮೀಟರ್ ಓಡಿದ್ರ ಎರಡು ವರ್ಷಕ್ಕ ಮುಟ್ತದ.

ಸೊಸಿ ಸುಮ್ನ ಕೂತಿದ್ದಾಕಿ, "ಅತ್ತೀ, ಮೀಟರ್ ಯಾವುದು?" ಅಂದ್ಲು. ಭೇಷ್ ಅಂದೆ. ಗೃಹಜ್ಯೋತಿ ಮೀಟರಿಗೆ ಗಾಡಿ ಹಚ್ಚಿದ್ರ ಏಳು ಯೂನಿಟ್ಟಿನ ಹಂಗ 25 ದಿನಕ್ಕ 175 ಆತು. ಮನೀ ಫ್ರಿಜ್, ಗ್ರೈಂಡರ್ ಸೇರಿ 200 ದಾಟೇ ದಾಟ್ತದ, ದಾಟಿದ್ರ ಪೂರ್ತಿ ಬಿಲ್ ಕೊಡಬೇಕು. ಪುಗಸಟ್ಟೆ ಬರೋ ಕರೆಂಟ್ ಕಳಕೊಂಡು ಪೆಟ್ರೋಲ್ ಉಳಿಸಿದಂಗ ಆಗ್ತದ. ಬ್ಯಾರೆ ಮೀಟರ್ ಕೂಡಸಬೇಕು, ಅದರ ಖರ್ಚು ಬರಕೋಬೇಕು. ಈ ಮಾತು ಯಾವ ಶೋರೂಮಿನಾಗೂ ನಮಗ ಯಾರೂ ಹೇಳಲಿಲ್ಲ.

ಕರೆಂಟಿನ ಗಾಡಿ ಪರವಾಗಿ ಒಂದು ಮಾತು ಲೆಕ್ಕದಾಗ ಬರೂದಿಲ್ಲ. ಇಂಜಿನ್ ಗಡಗಡ ನಡಗೂದಿಲ್ಲ. ಖಡಕ್ ರೊಟ್ಟಿ ಒಯ್ಯೋರಿಗೆ ಅದು ಸಣ್ಣ ಮಾತಲ್ಲ; ಮುರದ ರೊಟ್ಟಿಗೆ ಖಾನಾವಳಿಯವರು ರೊಕ್ಕ ಮುರಕೋತಾರ. ರಸ್ತೇ ತೆಗ್ಗಿಗೆ ಮಾತ್ರ ಯಾವ ಬ್ಯಾಟರಿನೂ ಔಷಧ ಅಲ್ಲ.

ಹಿಂಗಾಗಿ ವೈನಿ ಸದ್ಯಕ್ಕ ಗಾಡಿ ನೋಡೋದು ಬಿಟ್ಟು ಎರಡನೇ ಫೇರಿ ಹುಡಕ್ಲಿಕ್ಕೆ ಹತ್ಯಾರ. ಮಧ್ಯಾಹ್ನ ಮೂರರ ಮ್ಯಾಲ ಹುಬ್ಬಳ್ಳಿಗೆ ಶೇಂಗಾ ಚಟ್ನಿ, ಹಪ್ಪಳ, ಉಪ್ಪಿನಕಾಯಿ ಕಳಸೋ ಹೆಣ್ಣಮಕ್ಕಳ ಸಂಘ ನಿಮ್ಮ ಓಣ್ಯಾಗ ಯಾವುದರ ಇದ್ರ ಹೇಳ್ರಿ. ದಸರಾದೊಳಗ ಎರಡು ಕಡೆಯಿಂದ ಖಾಯಂ ಹೇರು ಸಿಕ್ರ ಕರೆಂಟಿಂದು, ಸಿಗದಿದ್ರ ಪೆಟ್ರೋಲಿಂದು ಅಂತ ಮಗ-ಸೊಸಿ ಇಬ್ಬರಿಗೂ ಹೇಳಿಬಿಟ್ಟಾರ. ಪಾಟ್ಲಿ ಇನ್ನೂ ಕೈಯಾಗ ಅವ.