ಕಡಲಾಚೆಯ ಸಿಪಾಯಿಗೆ ತವರಿನ ಬೆಂಬಲ: ಮೊದಲ ಮಹಾಯುದ್ಧದ ಕಾಲದ ಒಂದು ವಿಚಾರಣೆ

1914ರ ಸೆಪ್ಟೆಂಬರ್ ಹೊತ್ತಿಗೆ ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿಯನ್ನು ವೈಸರಾಯ್ ಹಾರ್ಡಿಂಜ್ ಅವರ ವಶಕ್ಕೆ ಒಪ್ಪಿಸಿದರು. ಸಮುದ್ರ ದಾಟಿ ಹೋಗುವ ಭಾರತೀಯ ಪಡೆಯ ಖರ್ಚಿಗೆಂದೇ ಮೀಸಲಾದ ಹಣ ಅದು. ದೇಶೀ ಸಂಸ್ಥಾನಗಳ ಕಾಣಿಕೆಗಳ ಪಟ್ಟಿಯನ್ನು ವೈಸರಾಯ್ ಲಂಡನ್ನಿಗೆ ತಂತಿಯ ಮೂಲಕ ಕಳುಹಿಸಿದಾಗ ಮೈಸೂರಿನ ಹೆಸರು ಅದರಲ್ಲಿ ಎದ್ದು ಕಂಡಿತು. ಯುದ್ಧಕಾಲದ ಮೈಸೂರನ್ನು ಕುರಿತು ಬರೆದವರೆಲ್ಲ ಈ ಮೊತ್ತವನ್ನು ಹೇಳುತ್ತಾರೆ, ಹೇಳಿ ಮುಂದೆ ಹೋಗುತ್ತಾರೆ. ಇದು ದೊರೆಯ ಬೆಂಬಲ, ಸರಿ. ಜನರ ಬೆಂಬಲ ಎಲ್ಲಿತ್ತು, ಎಷ್ಟಿತ್ತು, ಯಾವ ರೂಪದಲ್ಲಿತ್ತು ಎಂಬುದು ಬೇರೆಯದೇ ಪ್ರಶ್ನೆ. ನಿಧಿಗಳ ಮೊತ್ತವನ್ನೇ ಜನರ ಮನಸ್ಸಿನ ಅಳತೆಯೆಂದು ಎಣಿಸಿದ್ದರಿಂದ ನಮ್ಮ ಇತಿಹಾಸ ಬರವಣಿಗೆಯಲ್ಲಿ ಆ ಎರಡೂ ಕಲಸಿಹೋಗಿವೆ ಎಂಬುದು ಈ ಲೇಖನದ ವಾದ.

ಆ ಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಹೊರನಾಡುಗಳಲ್ಲಿ ದುಡಿದರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಜೀವ ಕಳೆದುಕೊಂಡರು. 1914ರ ಸೆಪ್ಟೆಂಬರ್ ಕೊನೆಯಲ್ಲಿ ಫ್ರಾನ್ಸಿನ ಮಾರ್ಸೇಲ್ ಬಂದರಿನಲ್ಲಿ ಇಳಿಯತೊಡಗಿದ ಲಾಹೋರ್ ಮತ್ತು ಮೀರತ್ ಡಿವಿಜನ್ನುಗಳ ಸಿಪಾಯಿಗಳ ಬಳಿ ಯುರೋಪಿನ ಚಳಿಗೆ ತಕ್ಕ ಉಡುಪು ಸಾಕಷ್ಟಿರಲಿಲ್ಲ. ಸರ್ಕಾರ ಬಿಟ್ಟ ಆ ಕೊರತೆಯನ್ನು ತುಂಬಲು ಮೊದಲು ಕೈಹಾಕಿದವರು ಲಂಡನ್ನಿನಲ್ಲಿದ್ದವರು. ಸೇಂಟ್ ಜಾನ್ ಸಂಸ್ಥೆಯ ಆಶ್ರಯದಲ್ಲಿ ಆ ವರ್ಷದ ಅಕ್ಟೋಬರಿನಲ್ಲಿ ‘ಇಂಡಿಯನ್ ಸೋಲ್ಜರ್ಸ್ ಫಂಡ್’ ಹುಟ್ಟಿತು. ಉಣ್ಣೆಯ ಕಾಲುಚೀಲ, ಕುಲಾವಿ, ಕೈಗವಸುಗಳ ಜೊತೆಗೆ ಸಿಖ್ಖರಿಗೆ ಬಾಚಣಿಗೆ ಮತ್ತು ಕಡಗ, ಹಿಂದೂಗಳಿಗೆ ಜನಿವಾರ, ಮುಸ್ಲಿಮರಿಗೆ ಕುರಾನ್ ಪ್ರತಿಗಳನ್ನೂ ಅದು ಒದಗಿಸಿತು. ಇಂಗ್ಲೆಂಡಿನ ಬ್ರಾಕನ್‌ಹರ್ಸ್ಟಿನಲ್ಲಿ ಗಾಯಾಳುಗಳಿಗೆ ಲೇಡಿ ಹಾರ್ಡಿಂಜ್ ಹೆಸರಿನ ಆಸ್ಪತ್ರೆಯನ್ನು ನಡೆಸಿತು.

ಅದೇ ಚಳಿಗಾಲದ ಒಂದು ಉಡುಗೊರೆಯ ಬಗ್ಗೆ ಸ್ವಲ್ಪ ನಿಂತು ನೋಡಬೇಕು. ಬ್ರಿಟನ್ನಿನ ರಾಜಕುಮಾರಿ ಮೇರಿ ಹೆಸರಿನಲ್ಲಿ ಸಾರ್ವಜನಿಕರಿಂದ ಎತ್ತಿದ ಹಣ 1,62,591 ಪೌಂಡ್. ಅದರಿಂದ ಕ್ರಿಸ್‌ಮಸ್ಸಿಗೆಂದು ಹಿತ್ತಾಳೆಯ ಪೆಟ್ಟಿಗೆಗಳನ್ನು ಮಾಡಿಸಿ ಯೋಧರಿಗೆ ಹಂಚಿದರು. ಬ್ರಿಟಿಷ್ ಸೈನಿಕನ ಪೆಟ್ಟಿಗೆಯಲ್ಲಿ ಹೊಗೆಸೊಪ್ಪು, ಸಿಗರೇಟು, ಪೈಪು. ಗೂರ್ಖಾಗಳಿಗೂ ಅದೇ. ಸಿಖ್ಖರು ತಂಬಾಕು ಮುಟ್ಟುವವರಲ್ಲ. ಅವರಿಗೆ ಕಲ್ಲುಸಕ್ಕರೆ ತುಂಬಿದ ಪೆಟ್ಟಿಗೆ, ಜೊತೆಗೆ ಮಸಾಲೆಯ ಡಬ್ಬಿ. ಉಳಿದ ಭಾರತೀಯರಿಗೆ ಸಿಗರೇಟು, ಕಲ್ಲುಸಕ್ಕರೆ, ಮಸಾಲೆ. ಪಡೆಯ ಹಿಂದೆ ನೀರು ಹೊತ್ತು ನಡೆದ ಭಿಸ್ತಿಗೂ ಒಂದಷ್ಟು ಮಸಾಲೆ ಸಂದಿತು. ಯಾರಿಗೆ ಏನು ಸಲ್ಲುತ್ತದೆ ಎಂದು ಯಾರೋ ಕೂತು ಯೋಚಿಸಿದ್ದಾರೆ ಎಂಬುದು ಇಲ್ಲಿ ಸ್ಪಷ್ಟ. ಪರದೇಶದ ಕೆಸರು ಕಂದಕದಲ್ಲಿ ಜೀರಿಗೆ ಮೆಣಸಿನ ವಾಸನೆ ಸಿಕ್ಕವನಿಗೆ ಅದು ಸಣ್ಣ ಸಂಗತಿಯಾಗಿರಲಿಕ್ಕಿಲ್ಲ.

ಆದರೆ ಈ ಕಾಳಜಿಯ ಮಗ್ಗುಲಲ್ಲೇ ಅನುಮಾನವೂ ಇತ್ತು. ಬ್ರೈಟನ್ನಿನ ರಾಯಲ್ ಪೆವಿಲಿಯನ್ ಅರಮನೆಯನ್ನು 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ ಭಾರತೀಯ ಗಾಯಾಳುಗಳ ಆಸ್ಪತ್ರೆಯಾಗಿ ಬಳಸಿದರು. ಜಾತಿ, ಧರ್ಮ ನೋಡಿ ಒಂಬತ್ತು ಅಡುಗೆಮನೆ ಕಟ್ಟಿದರು, ಕುಡಿಯುವ ನೀರಿನ ನಲ್ಲಿಗಳನ್ನು ಬೇರೆಬೇರೆ ಇಟ್ಟರು. ಊರಿನ ಜನ ಗಾಯಾಳುಗಳನ್ನು ನೋಡಲು ಗುಂಪುಗೂಡುತ್ತಿದ್ದರು. ಹೀಗಿದ್ದೂ ಬಿಳಿಯ ದಾದಿಯರು ಭಾರತೀಯರ ಶುಶ್ರೂಷೆ ಮಾಡುವುದಕ್ಕೆ ಸೇನೆಯ ಮೇಲಧಿಕಾರಿಗಳು ಅಡ್ಡಿ ತಂದರು. ಅದೇ ಊರಿನ ಕಿಚನರ್ ಆಸ್ಪತ್ರೆಯ ಸುತ್ತ ಮುಳ್ಳುತಂತಿ ಬಿಗಿದರು. ಸಿಪಾಯಿಗಳ ಕಾಗದಗಳನ್ನು ಒಡೆದು ಓದಲು ಸೆನ್ಸಾರ್ ಕಚೇರಿಯಿತ್ತು. ಅದನ್ನು ಬಲ್ಲ ಸಿಪಾಯಿಗಳು ಭಾರತೀಯರನ್ನು ಕರಿಮೆಣಸೆಂದೂ ಬ್ರಿಟಿಷರನ್ನು ಕೆಂಪು ಮೆಣಸೆಂದೂ ಬರೆದು, ಯಾವ ಮೆಣಸು ಎಷ್ಟು ಖರ್ಚಾಗಿದೆ ಎಂದು ಮನೆಯವರಿಗೆ ತಿಳಿಸುತ್ತಿದ್ದರು. ಇದ್ದವರನ್ನಾದರೂ ಊರಲ್ಲೇ ಉಳಿಸಿಕೊಳ್ಳಿ, ಯಾರೂ ಸೈನ್ಯಕ್ಕೆ ಸೇರುವುದು ಬೇಡ ಎಂಬುದು ಅಂಥ ಹಲವು ಕಾಗದಗಳ ಒಳಗಿನ ಮಾತು.

ಭಾರತೀಯರು ತಾವಾಗಿ ಕೊಟ್ಟ ಬೆಂಬಲದ ಬಹಳ ಒಳ್ಳೆಯ ಉದಾಹರಣೆ ಸಿಗುವುದೂ ಲಂಡನ್ನಿನಲ್ಲೇ. ಯುದ್ಧ ಘೋಷಣೆಯಾದ ಎರಡು ದಿನಕ್ಕೆ ಗಾಂಧೀಜಿ ಅಲ್ಲಿ ಬಂದಿಳಿದರು. ಡಾ. ಕ್ಯಾಂಟ್ಲಿ ಅವರ ಬಳಿ ಪ್ರಥಮ ಚಿಕಿತ್ಸೆ ಕಲಿಯುವ ಸ್ವಯಂಸೇವಕರ ತಂಡ ಕಟ್ಟಿದರು. ಲೈಸಿಯಂ ಎಂಬ ಮಹಿಳೆಯರ ಕ್ಲಬ್ಬು ಸೈನಿಕರಿಗೆ ಬಟ್ಟೆ ಹೊಲಿಸಿಕೊಡುವ ಕೆಲಸ ಹಿಡಿದಿತ್ತು. ಅದರ ಸದಸ್ಯೆಯಾಗಿದ್ದ ಸರೋಜಿನಿ ನಾಯ್ಡು ಕತ್ತರಿಸಿದ ಬಟ್ಟೆಗಳ ರಾಶಿಯನ್ನೇ ಗಾಂಧೀಜಿಯ ಮುಂದಿಟ್ಟು, ಹೊಲಿಸಿ ತನ್ನಿ ಎಂದರು. ಅವರಿಬ್ಬರ ಮೊದಲ ಪರಿಚಯ ಅದೇ. ತರಬೇತಿಯ ನಡುವೆ ಗೆಳೆಯರ ನೆರವಿನಿಂದ ಆದಷ್ಟು ಹೊಲಿಸಿಕೊಟ್ಟೆ ಎಂದು ಗಾಂಧೀಜಿ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಮುಂದೆ ಸಾಮ್ರಾಜ್ಯದ ವಿರುದ್ಧ ನಿಂತ ಇಬ್ಬರು ಸಿಪಾಯಿಗಳ ಅಂಗಿ ಹೊಲಿಸುತ್ತ ಒಂದಾದರು. ಇದರಲ್ಲಿ ವಿರೋಧಾಭಾಸ ಹುಡುಕಬೇಕಾಗಿಲ್ಲ. ಚಳಿಯಲ್ಲಿರುವವನಿಗೆ ಬಟ್ಟೆ ಬೇಕು, ಅವನನ್ನು ಅಲ್ಲಿಗೆ ಕಳುಹಿಸಿದ ಸರ್ಕಾರದ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ.

ತಾಯ್ನಾಡಿನಲ್ಲಿ ಚಿತ್ರ ಇಷ್ಟು ಸರಳವಾಗಿರಲಿಲ್ಲ. 1914ರ ಮದ್ರಾಸ್ ಕಾಂಗ್ರೆಸ್ ಅಧಿವೇಶನ ರಾಜನಿಷ್ಠೆಯ ಠರಾವು ಮಾಡಿತು. ಗವರ್ನರ್ ಪೆಂಟ್ಲಂಡ್ ಅಲ್ಲಿಗೆ ಬಂದಿದ್ದರು. ಬೊಂಬಾಯಿ ಪ್ರಾಂತ್ಯದಲ್ಲಿ ಗವರ್ನರ್ ಪತ್ನಿ ಲೇಡಿ ವಿಲಿಂಗ್ಡನ್ ನೇತೃತ್ವದಲ್ಲಿ ಯುದ್ಧ ಪರಿಹಾರ ನಿಧಿಯ ಮಹಿಳಾ ಶಾಖೆ ಸಿಪಾಯಿಗಳಿಗೆ ಬಟ್ಟೆಬರೆ ಸೌಕರ್ಯಗಳನ್ನು ಹೊಂದಿಸುತ್ತಿತ್ತು. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಆಗ ಅದೇ ಪ್ರಾಂತ್ಯದ ಜಿಲ್ಲೆಗಳು. ಮೆಸೊಪೊಟೇಮಿಯಾಕ್ಕೆ (ಈಗಿನ ಇರಾಕ್) ಹೋದ ಆರನೆಯ ಡಿವಿಜನ್ನಿನಲ್ಲಿ ಈ ಪ್ರಾಂತ್ಯದ 103, 110 ಮತ್ತು 117ನೆಯ ಮರಾಠಾ ಪಲ್ಟಣಗಳಿದ್ದವು. ಕೂತ್ ಪಟ್ಟಣದ ಮುತ್ತಿಗೆಯಲ್ಲಿ ಹಸಿದು, 1916ರ ಏಪ್ರಿಲ್ 29ರಂದು ಆ ಪಡೆ ತುರ್ಕರಿಗೆ ಶರಣಾಯಿತು. ಆ ರಂಗದಲ್ಲಿ ಗಾಯಾಳುಗಳಿಗೆ ಔಷಧ, ಡೋಲಿ, ದೋಣಿ ಒದಗಿಸುವುದರಲ್ಲಿ ಸರ್ಕಾರ ಸೋತಿತೆಂದು 1917ರ ವಿಚಾರಣಾ ಆಯೋಗವೇ ಬರೆಯಿತು. ಭಾರತ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು. ನಾಡಿನ ಹೆಂಗಸರು ಗಂಟುಕಟ್ಟಿ ಕಳುಹಿಸಿದ ಬಟ್ಟೆ ಆಡಳಿತದ ಇಂಥ ವೈಫಲ್ಯಕ್ಕೆ ತೇಪೆ ಹಾಕಲಾರದು. ಜನರ ಬೆಂಬಲವನ್ನು ಹೊಗಳುವಾಗ ಸರ್ಕಾರದ ಹೊಣೆಯನ್ನು ಮರೆಸುವ ವರದಿಗಳನ್ನು ಇತಿಹಾಸಕಾರರು ಎಚ್ಚರದಿಂದ ಓದಬೇಕು.

1917ರ ಹೊತ್ತಿಗೆ ಬೆಂಬಲದ ಸ್ವರೂಪ ಪೂರ್ತಿ ಬದಲಾಗಿತ್ತು. ಭಾರತ ಸರ್ಕಾರ 10 ಕೋಟಿ ಪೌಂಡನ್ನು ಬ್ರಿಟನ್ನಿಗೆ ಕಾಣಿಕೆಯಾಗಿ ಒಪ್ಪಿಸಿ, ಅದಕ್ಕಾಗಿ ಯುದ್ಧಸಾಲ ಎತ್ತಿತು. ಪಂಜಾಬಿನಲ್ಲಿ ಲೆಫ್ಟಿನೆಂಟ್ ಗವರ್ನರ್ ಓಡ್ವಯರ್ ಆಡಳಿತ ಸಾಲಕ್ಕೂ ಸೈನ್ಯ ಭರ್ತಿಗೂ ಬಲಪ್ರಯೋಗ ಮಾಡಿದ್ದನ್ನು 1920ರ ಕಾಂಗ್ರೆಸ್ ವಿಚಾರಣಾ ವರದಿ ಸಾಕ್ಷ್ಯಗಳೊಡನೆ ಬಯಲಿಗಿಟ್ಟಿತು. 1916ರಲ್ಲಿ ಬೆಳಗಾವಿಯಲ್ಲಿ ಹೋಂ ರೂಲ್ ಲೀಗ್ ಸ್ಥಾಪಿಸಿದ ತಿಲಕರು ಸೈನ್ಯಕ್ಕೆ ಜನ ಕೊಡಲು ಒಲ್ಲೆ ಎನ್ನಲಿಲ್ಲ, ಅದರ ಜೊತೆಗೆ ಸ್ವರಾಜ್ಯದ ಮಾತೂ ಬರಲಿ ಎಂದರು. 1918ರ ಜೂನಿನಲ್ಲಿ ಬೊಂಬಾಯಿಯ ಯುದ್ಧ ಸಮ್ಮೇಳನದಲ್ಲಿ ಗವರ್ನರ್ ವಿಲಿಂಗ್ಡನ್ ತಿಲಕರ ಮಾತನ್ನು ತಡೆದಾಗ ಅವರು ಸಭೆ ಬಿಟ್ಟು ಹೊರನಡೆದರು.

ನನ್ನ ದೃಷ್ಟಿಯಲ್ಲಿ ಇಡೀ ವಿಷಯಕ್ಕೆ ನಿರ್ಣಾಯಕ ಸಾಕ್ಷ್ಯ ಗುಜರಾತಿನ ಖೇಡಾ ಜಿಲ್ಲೆಯದು. ಕಂದಾಯ ಸತ್ಯಾಗ್ರಹದ ವೇಳೆ ಅಲ್ಲಿನ ರೈತರು ಗಾಂಧೀಜಿಗೆ ಪುಕ್ಕಟೆಯಾಗಿ ಗಾಡಿ ಕಟ್ಟಿಕೊಟ್ಟಿದ್ದರು. 1918ರಲ್ಲಿ ಅದೇ ಗಾಂಧೀಜಿ ಸೈನ್ಯಕ್ಕೆ ಜನ ಸೇರಿಸಲು ಹೋದಾಗ ಬಾಡಿಗೆಗೂ ಗಾಡಿ ಸಿಗುವುದು ದುಸ್ತರವಾಯಿತು. ಬುತ್ತಿ ಹೆಗಲಿಗೇರಿಸಿ ಅವರು ಮೈಲಿಗಟ್ಟಲೆ ನಡೆದರು, ಕೊನೆಗೆ ಕಾಯಿಲೆ ಬಿದ್ದರು. ಜನರಿಗೆ ಗಾಂಧೀಜಿಯ ಮೇಲೆ ಪ್ರೀತಿ ಕಡಿಮೆಯಾಗಿರಲಿಲ್ಲ. ಈ ಯುದ್ಧ ತಮ್ಮದಲ್ಲ ಎಂದು ಆ ಜನ ತೀರ್ಮಾನಿಸಿದ್ದರು. ಯಾವ ನಿಧಿಯ ಲೆಕ್ಕಪತ್ರವೂ ಹೇಳದ ಸತ್ಯವನ್ನು ಆ ಗಾಡಿಗಳು ಹೇಳುತ್ತವೆ.

ಇನ್ನು ನಮ್ಮ ಸವಾರರ ವಿಚಾರ. 1914ರಲ್ಲಿ ಈಜಿಪ್ಟಿಗೆ ಹೋದ ಮೈಸೂರು ಲ್ಯಾನ್ಸರ್ಸ್ ಸೂಯೆಜ್ ಕಾಲುವೆ ಕಾದರು, ಪ್ಯಾಲೆಸ್ಟೀನಿನಲ್ಲಿ ಕಾದಿದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ಊರನ್ನು ಗೆದ್ದರು. ಅಕ್ಟೋಬರ್ 26ರಂದು ಅಲೆಪ್ಪೋ ಹೊರವಲಯದ ಹರಿತಾನಿನಲ್ಲಿ ಮತ್ತೆ ಕುದುರೆಯೇರಿ ನುಗ್ಗಿದರು. ನಾಲ್ಕು ದಿನಕ್ಕೆ ತುರ್ಕಿಯೊಡನೆ ಕದನವಿರಾಮವಾಯಿತು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಸವಾರರ ನೆನಪಿಗೆ ನಿಂತಿವೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮಡಿದವರ ಸ್ಮಾರಕವಿದೆ. ಹೈಫಾದ ಕಾಳಗದ ಬಗ್ಗೆ ಈಚಿನ ವರ್ಷಗಳಲ್ಲಿ ಸಾಕಷ್ಟು ಮಾತು ಕೇಳುತ್ತಿದ್ದೇವೆ. ಆ ಸವಾರರು ನಾಲ್ಕು ವರ್ಷ ಮರಳುಗಾಡಿನಲ್ಲಿದ್ದಾಗ ಅವರ ಹೆಂಡಿರು ಮಕ್ಕಳು ಹೇಗೆ ಬದುಕಿದರು, ಸಂಬಳ ಕೈಸೇರುತ್ತಿತ್ತೇ, ಓದು ಬಾರದ ಮನೆಗೆ ಕಾಗದ ಓದಿ ಹೇಳಿದವರು ಯಾರು, 1918ರ ಇನ್‌ಫ್ಲುಯೆಂಜಾದಲ್ಲಿ ಆ ಮನೆಗಳ ಗತಿ ಏನಾಯಿತು ಎಂಬ ಪ್ರಶ್ನೆಗಳು ಮಾತ್ರ ಕನ್ನಡದಲ್ಲಿ ಇನ್ನೂ ಗಟ್ಟಿಯಾಗಿ ಎದ್ದಿಲ್ಲ. 50 ಲಕ್ಷದ ಮೊತ್ತ ಈ ಯಾವುದಕ್ಕೂ ಉತ್ತರ ಹೇಳುವುದಿಲ್ಲ.

ಉತ್ತರಗಳಿಗೆ ಬೇಕಾದ ಸಾಮಗ್ರಿ ಮನೆಗಳ ಪೆಟ್ಟಿಗೆಗಳಲ್ಲಿ, ಊರ ಹಿರಿಯರ ನೆನಪಿನಲ್ಲಿ ಇರುವುದು ಸಾಧ್ಯ. ಮುತ್ತಜ್ಜನೊಬ್ಬ ಈಜಿಪ್ಟಿಗೋ ಬಸ್ರಾಕ್ಕೋ ಹೋಗಿ ಬಂದ, ಇಲ್ಲವೇ ಬಾರದೆ ಹೋದ ಕುಟುಂಬದವರು ಈ ಲೇಖನ ಓದುತ್ತಿದ್ದರೆ ನನ್ನದೊಂದು ವಿನಂತಿ: ಹಳೆಯ ಕಾಗದ, ಪದಕ, ಪಿಂಚಣಿ ಪತ್ರ ಏನಿದ್ದರೂ ಎಸೆಯಬೇಡಿ, ಗುಜರಿಗೆ ಹಾಕಬೇಡಿ. ಅದರ ಪ್ರತಿಯನ್ನಾದರೂ ರಾಜ್ಯ ಪತ್ರಾಗಾರಕ್ಕೋ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ತಲುಪಿಸಿ, ಮನೆಯಲ್ಲಿ ಕೇಳಿದ ಮಾತನ್ನು ಬರೆದು ಜೊತೆಗಿಡಿ.